ಅಪ್‌ಡೇಟ್ ಬಂದ ಬೆಳಗ್ಗೆ ಒಡೆದ ಹಾಲು

ಬೆಳಗಿನ ಆರು ಗಂಟೆ. ಕ್ಯಾಲನೂರು ಬಳಿಯ ಪುಟ್ಟ ಹಳ್ಳಿಯೊಂದರ ಹಾಲಿನ ಡೈರಿ ಮುಂದೆ ಆಗಲೇ ಉದ್ದ ಸಾಲು. ಒಳಗೆ ಆದಿಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ. ತೂಕ, ಸ್ಯಾಂಪಲ್, ಫ್ಯಾಟ್, ಚೀಟಿ. ಒಬ್ಬರಿಗೆ ಅರ್ಧ ನಿಮಿಷ. ಏಳೂವರೆಗೆ ಗಾಡಿ ಬರುವುದರೊಳಗೆ ನೂರಾ ಹನ್ನೆರಡು ಮನೆಯ ಹಾಲು ಕ್ಯಾನ್ ಸೇರಬೇಕು.

"ಗಾಡಿ ಕಾಯಲ್ಲ ಸಾರ್, ಹಾಲೂ ಕಾಯಲ್ಲ," ಎನ್ನುತ್ತಾರೆ, ತಲೆ ಎತ್ತದೆ.

ಏಳನೇ ತರಗತಿ ಓದಿರುವ ಆದಿಲಕ್ಷ್ಮಿ ಹತ್ತೊಂಬತ್ತು ವರ್ಷದಿಂದ ಇಲ್ಲಿ ಹಾಲು ಪರೀಕ್ಷಿಸುತ್ತಿದ್ದಾರೆ. ಆಸಿಡ್ ಹಾಕಿ ಗಾಜಿನ ಕೊಳವೆಯಲ್ಲಿ ಫ್ಯಾಟ್ ನೋಡುತ್ತಿದ್ದ ಕಾಲದ ಸುಟ್ಟ ಕಲೆ ಬಲಗೈ ಮೇಲಿದೆ. ಕಂಪ್ಯೂಟರ್ ಬಂದಾಗ ಅದನ್ನೂ ಕಲಿತರು.

ಕಷ್ಟ ಶುರುವಾದದ್ದು ಕಳೆದ ವರ್ಷ. ಡೈರಿಯ ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆ ಕಂಪನಿಯ ಅರುಣ್‌ಕುಮಾರ್ ಎಂಬಾತ ಹಳೆಯ ವ್ಯವಸ್ಥೆ ಅಳಿಸಿ 'ರೋಲಿಂಗ್ ರಿಲೀಸ್' ಆಪರೇಟಿಂಗ್ ಸಿಸ್ಟಂ ಹಾಕಿಹೋದ. ಅದಕ್ಕೆ ಸ್ಥಿರವಾದ ಆವೃತ್ತಿ ಎಂಬುದೇ ಇಲ್ಲ. ಹೊಸ ಭಾಗಗಳು ಸಿದ್ಧವಾದಂತೆಲ್ಲ ಬಂದು ಸೇರುತ್ತಲೇ ಇರುತ್ತವೆ. ಕೆಟ್ಟರೆ ರಿಪೇರಿ ಮಾಡಿಕೊಳ್ಳಬಲ್ಲ ಪರಿಣತರಿಗೆ ಅದು ಸರಿ. ಹಾಲು ಅಳೆಯುವ ಹೆಂಗಸಿನ ತಲೆಗೆ ಕಟ್ಟಿದ್ದು ಯಾವ ನ್ಯಾಯ?

"ಯಾವಾಗ್ಲೂ ಹೊಸದಾಗೇ ಇರುತ್ತಮ್ಮ ಅಂದ. ಒಂದಿನ ಪ್ರಿಂಟರ್ ಇಲ್ಲ, ಒಂದಿನ ಕನ್ನಡ ಅಕ್ಷರ ಇಲ್ಲ, ಬರೀ ಚೌಕ ಚೌಕ. ಫೋನ್ ಮಾಡಿದ್ರೆ, ನೀವೇನೋ ಒತ್ತಿರ್ತೀರ ಅಂತಾನೆ. ನಾನೇನು ಒತ್ಲಿ?"

ಈ ವರ್ಷ ಯುಗಾದಿ ಮುಗಿದ ಮರುವಾರ, ಒಂದು ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಅಪ್‌ಡೇಟ್ ತಾನಾಗಿ ಸೇರಿಕೊಂಡಿತು. ಫ್ಯಾಟ್ ಯಂತ್ರದ ಸಂಪರ್ಕ ಹೋಯಿತು. ಆದಿಲಕ್ಷ್ಮಿ ಧೃತಿಗೆಡಲಿಲ್ಲ. ಪ್ರತಿ ಮನೆಯ ಸ್ಯಾಂಪಲ್ ತೆಗೆದಿಟ್ಟು, ತೂಕ ಕೈಯಲ್ಲೇ ಬರೆದು, ಆರು ಕ್ಯಾನ್ ತುಂಬಿಸಿದರು. ಗಾಡಿ ಬಂತು. ಡೈರಿಯ ಕಾರ್ಯದರ್ಶಿ ವೆಂಕಟರಮಣಪ್ಪ ಅಡ್ಡ ನಿಂತರು: "ಕಂಪ್ಯೂಟರ್ ಚೀಟಿ ಇಲ್ದೆ ಹತ್ತಿಸ್ಬೇಡಮ್ಮ. ರೂಲ್ಸಿಲ್ಲ."

"ಅಣ್ಣಾ, ಜನ ಹಿಂಡಿ ತಂದಿರೋ ಹಾಲು ಕಣಣ್ಣಾ, ನಾನೇ ಜವಾಬ್ದಾರಿ," ಎಂದು ಗೋಗರೆದರೂ ಗಾಡಿ ಖಾಲಿ ಹೋಯಿತು. ಹಾಲು ತಣ್ಣಗಿಡುವ ಯಂತ್ರ ಇಲ್ಲಿಲ್ಲ. ಮಧ್ಯಾಹ್ನಕ್ಕೆ ಇನ್ನೂರ ನಲವತ್ತು ಲೀಟರ್ ಒಡೆದು ಚರಂಡಿ ಸೇರಿತು.

ಮೂರನೇ ದಿನ ಡೈರಿ ಆಡಳಿತದಿಂದ ನೋಟಿಸ್ ಬಂತು. ಕಂಪನಿಗಲ್ಲ, ಆದಿಲಕ್ಷ್ಮಿಗೆ. 'ನಿರ್ವಹಣೆಯಲ್ಲಿ ನಿರ್ಲಕ್ಷ್ಯ.' ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಕೆಲಸ ಉಳಿಯುತ್ತದೆ ಎಂದರು. ಆದಿಲಕ್ಷ್ಮಿ ಹಾಕಲಿಲ್ಲ. ಯಾವ ದಿನ ಏನು ಕೆಟ್ಟಿತು, ಎಷ್ಟು ಗಂಟೆಗೆ ಫೋನ್ ಮಾಡಿದೆ, ಏನಂದರು ಎಂದೆಲ್ಲ ತಾವು ಬರೆದಿಟ್ಟಿದ್ದ ನೋಟ್‌ಬುಕ್ ಹಿಡಿದು ಕೋಲಾರದ ಬಸ್ ಹತ್ತಿದರು. ಎಂಟು ತಿಂಗಳಲ್ಲಿ ಹನ್ನೊಂದು ಸಲ ಕೆಟ್ಟಿತ್ತು! ಕಂಪನಿಯ ಕಚೇರಿಯಲ್ಲಿ ಅದನ್ನು ಮೇಜಿನ ಮೇಲಿಟ್ಟು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಕೊನೆಗೆ ಅರುಣ್‌ಕುಮಾರ್ ತಲೆ ತಗ್ಗಿಸಿ, "ಹೊಸದೇ ಒಳ್ಳೇದು ಅನ್ಕೊಂಡೆ ಅಮ್ಮ. ಹಾಕೋಕೆ ಮುಂಚೆ ನಿಮ್ಮ ಯಂತ್ರದ ಜೊತೆ ಪರೀಕ್ಷೆ ಮಾಡಿರ್ಲಿಲ್ಲ," ಎಂದ.

ಈಗ ಡೈರಿಯಲ್ಲಿ ಪರೀಕ್ಷೆಯಾಗಿ ಬಂದ, ವರ್ಷಗಟ್ಟಲೆ ಹಾಗೇ ಇರುವ ಆವೃತ್ತಿ ಇದೆ. ನೋಟಿಸ್ ವಾಪಸಾಗಿದೆ. ಕ್ಷಮೆ ಮಾತ್ರ ಯಾರೂ ಕೇಳಿಲ್ಲ.

ಗಾಡಿ ಹೊರಟ ಮೇಲೆ ಕ್ಯಾನ್ ಇಟ್ಟಿದ್ದ ಜಾಗಕ್ಕೆ ನೀರು ಹೊಯ್ಯುತ್ತಾ ಆದಿಲಕ್ಷ್ಮಿ ಹೇಳುತ್ತಾರೆ: "ಹತ್ತೊಂಬತ್ತು ವರ್ಷದಲ್ಲಿ ಇಲ್ಲಿ ಹಾಲು ಕೆಟ್ಟಿದ್ದು ಒಂದೇ ದಿನ. ಅದು ನನ್ನ ಕೈಯಿಂದ ಕೆಟ್ಟಿದ್ದಲ್ಲ. ಅಷ್ಟು ಬರ್ಕೊಳಿ ಸಾರ್, ಸಾಕು."