ಹೋಗುವ ಸಹಿ ಕಾಯುವ ಸಂಬಳದಮ್ಮ

ಬೆಳಗಿನ ಐದೂಮುಕ್ಕಾಲು. ಪೊಲೀಸ್ ಠಾಣೆಯಲ್ಲಿ ಪಾಳಿ ಬದಲಾಗುವ ಹೊತ್ತು. ಹಾಜರಿ ಪುಸ್ತಕದ ಅರ್ಧ ಪುಟಕ್ಕೆ ಅಂಗೈ ಅಡ್ಡವಿಟ್ಟು ಐವತ್ತೊಂಬತ್ತರ ಹೆಂಗಸೊಬ್ಬರು ನಿಂತಿದ್ದಾರೆ. ಸಮವಸ್ತ್ರವಿಲ್ಲ, ಲಾಠಿಯಿಲ್ಲ. ಆದರೂ ಆರಡಿ ಆಳುಗಳು ಅವರ ಮುಂದೆ ಬಾಲ ಮುದುರಿಕೊಂಡು ಸಾಲಾಗಿದ್ದಾರೆ.

"ಬಂದ ಸಹಿ ಮಾತ್ರ ಹಾಕಪ್ಪ. ಹೋಗೋ ಸಹಿ ಹೋಗುವಾಗ. ಐದು ನಿಮಿಷ ಉಳಿಸಿ ಯಾವ ಕೋಟೆ ಕಟ್ಟಬೇಕು?"

ಇವರು ವೇತನ ವಿಭಾಗದ ಗುಮಾಸ್ತೆ. ಠಾಣೆಯವರ ಬಾಯಲ್ಲಿ ಸಂಬಳದಮ್ಮ. ಇವರ ಕಚೇರಿ ತೆರೆಯುವುದೇ ಹತ್ತಕ್ಕೆ. ಈ ಕಾವಲು ಯಾರೂ ಒಪ್ಪಿಸಿದ್ದಲ್ಲ, ಇದಕ್ಕೆ ಬಿಡಿಗಾಸೂ ಇಲ್ಲ. ಹನ್ನೊಂದು ವರ್ಷಗಳಿಂದ ನಡೆದುಕೊಂಡು ಬಂದಿದೆ.

ಪಾಳಿ ಮುಗಿದಾಗ ಸಹಿಗೆ ನೂಕುನುಗ್ಗಲು. ಹಾಗಾಗಿ ಬರುವಾಗಲೇ ಎರಡೂ ಸಹಿ ಗೀಚಿಬಿಡುವುದು ಇಲ್ಲಿನ ಹಳೆಯ ಚಾಳಿ. ಎಲ್ಲ ಸರಿಹೋದರೆ ಯಾರಿಗೂ ನಷ್ಟವಿಲ್ಲ. ಮುಂದಿನ ಪಾಳಿಯ ಬದಲಿಯವನು ತಡಮಾಡಿ, ಆ ಹೊತ್ತಿನಲ್ಲೇ ಏಟು ಬಿದ್ದರೆ? ಕರ್ತವ್ಯದಲ್ಲಿ ಗಾಯಗೊಂಡವರಿಗೆ ಗುಣವಾಗುವವರೆಗೆ ಪೂರ್ತಿ ಸಂಬಳ ಉಂಟು. ಪುಸ್ತಕದ ಪ್ರಕಾರ ಮನೆಗೆ ಹೋದವನಿಗೆ ಅರ್ಧ ಮಾತ್ರ.

ಆ ಅರ್ಧವನ್ನು ಒಮ್ಮೆ ಇವರ ಕೈಯೇ ಬರೆದಿದೆ. ಗಲಾಟೆಯಲ್ಲಿ ತೊಡೆ ಮುರಿದುಕೊಂಡ ಪೇದೆಯ ಕಡತ ಅದು. ಹೋಗುವ ಸಹಿ ಆರಕ್ಕೆ, ಏಟು ಆರೂ ಇಪ್ಪತ್ತಕ್ಕೆ. "ಪುಸ್ತಕ ಸುಳ್ಳು ಹೇಳುತ್ತೆ ಅಂತ ನಂಗೆ ಹೊಳೀಲೇ ಇಲ್ಲ" ಎನ್ನುತ್ತಾರೆ. ವೈದ್ಯರು ಐದು ತಿಂಗಳ ವಿಶ್ರಾಂತಿ ಹೇಳಿದ್ದರು. ಅರ್ಧ ಸಂಬಳದಲ್ಲಿ ಸಂಸಾರ ಸಾಗದೆ ಆತ ಏಳನೇ ವಾರಕ್ಕೇ ಊರುಗೋಲು ಹಿಡಿದು ಕೆಲಸಕ್ಕೆ ಬಂದ. ಕಾಲು ಮತ್ತೆ ನೆಟ್ಟಗಾಗಲಿಲ್ಲ. ಈಗ ಇದೇ ಠಾಣೆಯ ಬಾಗಿಲಲ್ಲಿ ಕೂತು ಬಂದವರಿಗೆ ಚೀಟಿ ಬರೆದುಕೊಡುತ್ತಾನೆ.

"ನನ್ನ ಕಂಡ್ರೆ ಆ ಕಾಲಲ್ಲೇ ಎದ್ದು ಬಾಗಿಲು ತೆಗೀತಾನೆ. ಬೈದಿದ್ರೆ ಎಷ್ಟೋ ವಾಸಿಯಾಗಿತ್ತು."

ಅಂದಿನಿಂದ ಗಾಯಾಳುಗಳ ಅರವತ್ತಮೂರು ಕಡತಗಳ ಬೆನ್ನು ಹತ್ತಿದ್ದಾರೆ. ಸೋತದ್ದು ನಾಲ್ಕರಲ್ಲಿ. ಕೇಳಿದರೆ ಆ ನಾಲ್ಕನ್ನೇ ಮೊದಲು ಹೇಳುತ್ತಾರೆ.

ಕಳೆದ ಸೋಮವಾರ ಇವರು ಜ್ವರದಿಂದ ಮಲಗಿದ್ದರು. ಅಂದೇ ಸಂಚಾರ ಪೇದೆಯೊಬ್ಬ ಬೆಳಿಗ್ಗೆ ಎರಡೂ ಸಹಿ ಹಾಕಿ ವೃತ್ತದ ಕಾವಲಿಗೆ ಹೊರಟ. ಸಂಜೆ ಆರಾದರೂ ಬದಲಿಯವನ ಸುಳಿವಿಲ್ಲ. ಆರೂ ಹನ್ನೆರಡಕ್ಕೆ ಹಿಮ್ಮುಖವಾಗಿ ಬಂದ ಲಾರಿ ಅವನ ಮಂಡಿ ಪುಡಿಮಾಡಿತು. ಜ್ವರ ಬಿಟ್ಟ ಮೇಲೆ ಸಂಬಳದಮ್ಮ ಮೂರು ದಿನ ಸಾಕ್ಷಿಗಾಗಿ ಅಲೆದರು. ಕೊನೆಗೆ ನಿಸ್ತಂತು ಕೋಣೆಯ ದಿನಚರಿಯಲ್ಲಿ ಅವನೇ ಹೇಳಿದ ಒಂದು ಸಾಲು ಸಿಕ್ಕಿತು: ಆರೂ ಒಂಬತ್ತು, ಬದಲಿ ಬಂದಿಲ್ಲ, ವೃತ್ತದಲ್ಲೇ ಇದ್ದೇನೆ.

ಇವತ್ತು ಹತ್ತಕ್ಕೆ ಆ ಸಾಲಿನ ನಕಲು ವೇತನ ವಿಭಾಗದ ಅಧಿಕಾರಿಯ ಮೇಜಿನ ಮೇಲಿದೆ. ಹನ್ನೆರಡಕ್ಕೆ ಸಂಬಳದ ಪಟ್ಟಿ ಖಜಾನೆಗೆ ಹೋಗಬೇಕು.

"ಸಹಿ ಅವನದೇ ತಾನೆ? ನಾನೇನು ಮಾಡ್ಲಿ?" ಎನ್ನುತ್ತಾರೆ ಅಧಿಕಾರಿ.

"ಸಹಿ ಬೆಳಿಗ್ಗೆ ಹಾಕಿದ್ದು ಸರ್. ಈ ಮಾತು ಲಾರಿ ಬರೋಕೆ ಮೂರು ನಿಮಿಷ ಮುಂಚೆ ಆಡಿದ್ದು. ಅವನು ಮನೆಗೆ ಹೋಗಿದ್ರೆ ಮಂಡಿ ಇರ್ತಿತ್ತು."

ಅಧಿಕಾರಿ ಎರಡು ಸಲ ಓದುತ್ತಾರೆ. ಕನ್ನಡಕ ಒರೆಸಿಕೊಳ್ಳುತ್ತಾರೆ. ಆಮೇಲೆ 'ಪೂರ್ಣ ವೇತನ' ಎಂದು ಬರೆದು ಸಹಿ ಮಾಡುತ್ತಾರೆ.

ಹೊರಗೆ ಬಂದವರೇ ಸಂಬಳದಮ್ಮ ಪೇದೆಯ ಹೆಂಡತಿಗೆ ಫೋನು ಹಚ್ಚುತ್ತಾರೆ. ಗಂಡ ಮುಂದಿನ ವಾರವೇ ಕೆಲಸಕ್ಕೆ ಹೊರಡುತ್ತೇನೆಂದು ಹಟ ಹಿಡಿದಿದ್ದಾನಂತೆ.

"ಅವನ ಬೂಟು ಎತ್ತಿ ಅಟ್ಟದ ಮೇಲೆ ಹಾಕಮ್ಮ. ಡಾಕ್ಟ್ರು ಎಷ್ಟು ದಿನ ಅಂದಿದಾರೋ ಅಷ್ಟೂ ದಿನ ಮಲಗ್ಲಿ."

ನಿವೃತ್ತಿಗೆ ಎಂಟು ತಿಂಗಳಿದೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಹೇಳುತ್ತಾರೆ:

"ಪೆಟ್ಟಾದವರಿಗೆ ಎಲ್ರೂ ಬೇಗ ಗುಣವಾಗಲಿ ಅಂತಾರೆ. ನಂಗೆ ಅಷ್ಟು ಅವಸರ ಇಲ್ಲ. ಈ ಹುಡುಗ ನಿಧಾನವಾಗೇ ಗುಣವಾಗಲಿ."