ಗುರುಬಸಮ್ಮನ ಠೇವಣಿ

ಕೊರೋನಾ ಗಲಾಟೆ ತಣ್ಣಗಾದ ವರ್ಷ ನಾನು ಹಿರೇಹಡಗಲಿಯ ಬ್ಯಾಂಕ್ ಶಾಖೆಗೆ ಮ್ಯಾನೇಜರ್ ಆಗಿ ಬಂದೆ. ನನ್ನ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ವಯಸ್ಸಾದವರು ಠೇವಣಿ ಮುರಿಸಲು ಬಂದರೆ ಸುಮ್ಮನೆ ಸಹಿ ಹಾಕುವ ಜಾಯಮಾನ ನನ್ನದಲ್ಲ. ಎದುರು ಕೂರಿಸಿ, ತಲೆ ತಿಂದು, ಯಾಕೆಂದು ತಿಳಿದುಕೊಂಡೇ ಬಿಡುತ್ತಿದ್ದೆ. ಬೆನ್ನ ಹಿಂದೆ ಸಿಬ್ಬಂದಿ ನನ್ನನ್ನು ಪೊಲೀಸಪ್ಪ ಎನ್ನುತ್ತಿದ್ದರಂತೆ.

ಗುರುಬಸಮ್ಮ ಬಂದದ್ದೂ ಠೇವಣಿ ಮುರಿಸಲು. ಸರ್ಕಾರಿ ನರ್ಸ್ ಆಗಿ ನಿವೃತ್ತರಾದವರು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಸುತ್ತಲಿನ ಹಳ್ಳಿಗಳ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಜೊತೆಗೆ ಮಗಳು ಶಾರದಾ ಇದ್ದಳು. ವಯಸ್ಸು ನಲವತ್ತು ದಾಟಿದ್ದರೂ ಬುದ್ಧಿ ಬೆಳೆಯದೆ, ತಾಯಿಯ ಸೆರಗು ಹಿಡಿದೇ ನಿಲ್ಲುವವಳು. ನಿವೃತ್ತಿಯಲ್ಲಿ ಬಂದ ಹದಿನಾಲ್ಕು ಲಕ್ಷವೂ ಠೇವಣಿಯಲ್ಲಿತ್ತು. ತಾನು ಹೋದ ಮೇಲೆ ಮಗಳ ಜೀವನ ಅದರ ಬಡ್ಡಿಯಲ್ಲಿ ನಡೆಯಲಿ ಎಂಬುದು ಅವರ ಆಸೆ.

ಎಲ್ಲವನ್ನೂ ತೆಗೆದು ಎಲ್ಲಿ ಹಾಕುತ್ತೀರಿ ಎಂದು ಕೇಳಿದೆ. ಯಾವುದೋ ಖಾಸಗಿ ಕಂಪನಿಯಂತೆ, ಮೂರು ವರ್ಷಕ್ಕೆ ಎರಡರಷ್ಟು ಕೊಡುತ್ತದಂತೆ. ಏಜೆಂಟ್ ಅದೇ ಊರಿನ ಕೊಟ್ರೇಶ. ಇದು ಮೋಸ ಎಂದು ನಾನು ಮುಖಕ್ಕೆ ಹೊಡೆದಂತೆ ಹೇಳಿದೆ. ಅವರಿಗೆ ಸಿಟ್ಟು ಬಂತು.

"ಅವ ನನ್ನ ಕೈಯಾಗ ಹುಟ್ಟಿದ ಕೂಸರೀ. ಹುಟ್ಟಿದಾಗ ಉಸಿರೇ ಇದ್ದಿಲ್ಲ, ಬಾಯಿಗೆ ಬಾಯಿ ಹಚ್ಚಿ ಊದಿ ಉಳಿಸೀನಿ. ಅವ ನನಗ ಮೋಸ ಮಾಡ್ತಾನ?"

ಆ ಕಡೆ ಹೆರಿಗೆ ಮಾಡಿಸಿದವಳಿಗೆ ತೊಟ್ಟಿಲ ದಿನ ಸೀರೆ ಉಡಿಸುತ್ತಾರೆ. ಕೊಟ್ರೇಶ ತನ್ನ ಮದುವೆಯಲ್ಲೂ ಅವರಿಗೆ ಉಡಿಸಿದ್ದನಂತೆ. ಅದರೆದುರು ನನ್ನ ಬ್ಯಾಂಕಿನ ಮಾತು ನಿಲ್ಲಲಿಲ್ಲ. ಅರ್ಧವಾದರೂ ಇಲ್ಲೇ ಇರಲಿ ಎಂದು ಅಂಗಲಾಚಿದೆ. ಅವರು ಒಪ್ಪಲಿಲ್ಲ. ಖಾತೆದಾರರು ಬೇಕೆಂದರೆ ಮ್ಯಾನೇಜರ್ ತಡೆಯುವಂತಿಲ್ಲ, ಕೊನೆಗೆ ಪೂರ್ತಿ ಹಣ ಕೊಟ್ಟೆ.

ವರ್ಷ ತುಂಬುವುದರೊಳಗೆ ಕಂಪನಿ ಬಾಗಿಲು ಹಾಕಿತು. ಕೊಟ್ರೇಶನೂ ಮುಳುಗಿದ್ದ, ಹಡೆದ ತಾಯಿಯ ಬಂಗಾರ ಮಾರಿ ಅಲ್ಲೇ ಹಾಕಿದ್ದ. ದೂರು ಕೊಡಿಸಲು ನಾನೇ ಗುರುಬಸಮ್ಮನನ್ನು ಠಾಣೆಗೆ ಕರೆದೊಯ್ದೆ. ಹಣ ಯಾರ ಕೈಗೆ ಕೊಟ್ಟಿರಿ ಎಂದು ಪೊಲೀಸರು ಕೇಳಿದಾಗ ಅವರು ಎದ್ದು ಹೊರಟೇಬಿಟ್ಟರು. ಹೊರಗೆ ಬಂದವರೇ, "ಅವನ ಹೆಸರು ನಾ ಬರಸಂಗಿಲ್ರಿ ಸಾಹೇಬ್ರ. ಅವನ ಮನ್ಯಾಗೂ ಸಣ್ಣ ಮಕ್ಕಳದಾವ" ಎಂದರು. ನನಗೆ ಕೋಪ ಬಂತು.

ಉಳಿದದ್ದು ಪಿಂಚಣಿ ಒಂದೇ. ದುಡಿದು ತಿನ್ನಲಾಗದ ಅಂಗವಿಕಲ ಮಕ್ಕಳಿಗೆ ತಾಯಿಯ ನಂತರವೂ ಕುಟುಂಬ ಪಿಂಚಣಿ ಸಿಗುತ್ತದೆ. ತಾಯಿ ಇರುವಾಗಲೇ ಹೆಸರು ಸೇರಿಸಿದರೆ ಆಮೇಲೆ ಅಲೆದಾಟ ತಪ್ಪುತ್ತದೆ. ಶಾರದಾಳನ್ನು ಹೊಸಪೇಟೆಗೆ ಕರೆದೊಯ್ದು ವೈದ್ಯರ ಪ್ರಮಾಣಪತ್ರ ಮಾಡಿಸಿದೆವು. ಇಲಾಖೆಗೂ ಖಜಾನೆಗೂ ಅಲೆದು ಚಪ್ಪಲಿ ಸವೆಯಿತು. ನನ್ನ ನಿವೃತ್ತಿಯ ವಾರ ಆದೇಶ ಬಂತು. ಓದಿ ಹೇಳಿದೆ.

"ಅಂದ್ರ ಇನ್ನ ನಾ ಸತ್ರೂ ನಡೀತೈತಿ" ಎಂದು ಗುರುಬಸಮ್ಮ ನಕ್ಕರು. ನನಗೆ ಅಳು ಬಂತು.

ಮರುವರ್ಷ ಅವರು ತೀರಿಕೊಂಡರು. ಶಾರದಾ ಈಗ ಹರಪನಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಬರುವ ಪಿಂಚಣಿ ಊಟಕ್ಕೆ ಸಾಕು, ಔಷಧಿಗೆ ಸಾಲದು. ಆ ಠೇವಣಿ ಇದ್ದಿದ್ದರೆ ಎರಡಕ್ಕೂ ಸಾಲುತ್ತಿತ್ತು.

ಈಗಲೂ ನಿವೃತ್ತರು ಸಲಹೆ ಕೇಳಿಕೊಂಡು ಮನೆಗೆ ಬರುತ್ತಾರೆ. ಬಡ್ಡಿಯ ಮಾತು ಆಮೇಲೆ, ಯಾರು ಬಂದು ಕೇಳಿದರೆ ಇಲ್ಲ ಎನ್ನಲು ನಿಮಗೆ ಬಾಯಿ ಬರುವುದಿಲ್ಲ ಎಂದು ಮೊದಲು ವಿಚಾರಿಸುತ್ತೇನೆ. ನೌಕರಿ ನನಗೆ ಕಲಿಸಿದ್ದು ಇದೊಂದು ಪ್ರಶ್ನೆ. ಇದುವರೆಗೆ ಯಾರೂ ಅಪರಿಚಿತರ ಹೆಸರು ಹೇಳಿಲ್ಲ.