ಪರದೆಯ ಮೇಲಿನ ಮೂರನೇ ಮನೆ

ಕೊಣನೂರಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಮೇಘಶ್ರೀ ಹನ್ನೆರಡು ವರ್ಷದಿಂದ ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಿದ್ದಾಳೆ. ಬರುವವರಲ್ಲಿ ಅರ್ಧ ಜನಕ್ಕೆ ಓದು ಬಾರದು. ಹಾಗಂತ ಅವರನ್ನು ಯಾಮಾರಿಸುವುದು ಸುಲಭವೆಂದುಕೊಂಡರೆ ನಿಮಗೆ ಸಂತೆಯ ಜನ ಗೊತ್ತಿಲ್ಲ. ಕಂಪ್ಯೂಟರ್ ಪರದೆಯ ನೆತ್ತಿಯಲ್ಲಿ ಅವಳು ಬುಕ್‌ಮಾರ್ಕ್‌ಗಳನ್ನು ಸಾಲಾಗಿ ಜೋಡಿಸಿದ್ದಳು: ಪಹಣಿ, ರೇಷನ್, ಹಾಸ್ಟೆಲ್, ಪಿಂಚಣಿ. ಸಂತೆಯವರು ಆ ಸಾಲನ್ನು ಬೀದಿ ಎಂದರು, ಒಂದೊಂದು ಗುಂಡಿಯನ್ನು ಮನೆ ಎಂದರು. ಎಡದಿಂದ ಎಣಿಸಿ, ತಮ್ಮ ಕಾಗದ ಸರಿಯಾದ ಮನೆಗೇ ಹೋಯಿತೆಂದು ಕಣ್ಣಾರೆ ಕಂಡ ಮೇಲೇ ಸ್ಟೂಲು ಬಿಟ್ಟು ಏಳುತ್ತಿದ್ದರು.

ಒಂದು ಸಂತೆಯ ಬೆಳಿಗ್ಗೆ ನೋಡಿದರೆ ಬ್ರೌಸರ್ ತಾನಾಗಿಯೇ ಅಪ್‌ಡೇಟ್ ಆಗಿ ಕೂತಿತ್ತು. ಬೀದಿಗೆ ಬೀದಿಯೇ ಮಾಯ. ಎಲ್ಲವೂ ಬಲಗಡೆಯ ಮೂರು ಚುಕ್ಕೆಯೊಳಗೆ ಅಡಗಿತ್ತು. ಸೆಟ್ಟಿಂಗ್ಸ್ ಜಾಲಾಡಿದರೂ ಹಳೆಯದನ್ನು ತರುವ ದಾರಿ ಸಿಗಲಿಲ್ಲ. ಅಷ್ಟರಲ್ಲಿ ಮೊಮ್ಮಗಳ ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಿಸಲು ದೊಡ್ಡತಾಯಮ್ಮ ಬಂದರು. ಗಡುವಿಗೆ ಇನ್ನೆರಡು ವಾರವಿತ್ತು. ಮೇಘಶ್ರೀ ಮೂರು ಚುಕ್ಕೆ ಒತ್ತಿ ಅರ್ಜಿ ತೆರೆದಳು.

"ಇದು ಮೂರ್ನೆ ಮನೆ ಅಲ್ವಲ್ಲವ್ವ. ಎಲ್ಗೆ ಬರೀತಿದ್ದೀಯೆ?"

"ಅದೇ ಕಣಮ್ಮ, ಜಾಗ ಬದ್ಲಾಗೈತೆ."

"ಅಂಗಾದ್ರೆ ಬ್ಯಾಡ ಬುಡು."

ಕಾಗದ ಮಡಿಸಿಕೊಂಡು ಎದ್ದೇ ಹೋದರು. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಎದ್ದವರಿಲ್ಲ. ಮೇಘಶ್ರೀಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು.

ಪಕ್ಕದ ಮೊಬೈಲ್ ಅಂಗಡಿಯ ಮನು ಸಮಾಧಾನ ಹೇಳಿದ. "ಎರಡ್ ದಿನ ಕಣಕ್ಕ, ಅಭ್ಯಾಸ ಆಯ್ತದೆ."

"ನಂಗಾಯ್ತದೆ. ಅವ್ರಿಗೆ?"

ಬ್ರೌಸರ್ ಕಂಪನಿಗೆ ದೂರು ಬರೆದಳು. ಬದಲಾವಣೆ ಬಳಕೆದಾರರ ಅನುಕೂಲಕ್ಕೇ ಮಾಡಿದ್ದು, ಒಬ್ಬರ ಅಭಿಪ್ರಾಯಕ್ಕಾಗಿ ಹಿಂಪಡೆಯಲಾಗದು ಎಂದು ಉತ್ತರ ಬಂತು. ಯಾರ ಅನುಕೂಲವೋ ದೇವರೇ ಬಲ್ಲ. 'ಒಬ್ಬರು' ಎಂಬ ಮಾತು ಅವಳನ್ನು ಕೆರಳಿಸಿತು. ಮುಂದಿನ ಸಂತೆಗೆ ಮಸಿಪ್ಯಾಡ್ ಇಟ್ಟುಕೊಂಡು ಕೂತಳು. ನಮ್ಮ ಬೀದಿ ನಮಗೆ ವಾಪಸು ಕೊಡಿ ಎಂದು ಬರೆದು, ಎಲ್ಲರಿಗೂ ಓದಿ ಹೇಳಿ, ನಲವತ್ಮೂರು ಹೆಬ್ಬೆಟ್ಟು ಒತ್ತಿಸಿ, ಸ್ಕ್ಯಾನ್ ಮಾಡಿ ಕಳಿಸಿದಳು. ಮನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಂಪನಿಯವರು, ಲಗತ್ತಿಸಿದ ಚಿತ್ರದಿಂದ ತೊಂದರೆ ಏನೆಂದು ತಿಳಿಯುತ್ತಿಲ್ಲ ಎಂದರು. ಅದರ ಮುಂದಿನ ಸಂತೆಗೂ ಅವಳು ಮಸಿಪ್ಯಾಡ್ ತೆಗೆದಳು.

ಅವತ್ತೇ ಹಾಸ್ಟೆಲ್ ಅರ್ಜಿಗೆ ಕೊನೆಯ ದಿನ. ದೊಡ್ಡತಾಯಮ್ಮ ಬಂದು, ಮನವಿಯನ್ನು ಓದಿಸಿ ಕೇಳಿ, ತಾವೂ ಹೆಬ್ಬೆಟ್ಟು ಒತ್ತಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

"ಎಲ್ಲಾದ್ರೂ ಬರ್ಕೊ ಮಗ. ಇನ್ನು ಮನೆ ಎಣ್ಸಾಕಿಲ್ಲ. ನಿನ್ ಮಕ ನಂಬ್ತೀನಿ."

ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ಮೇಘಶ್ರೀಗೆ ಹೆದರಿಕೆಯಾಯಿತು. ಪರದೆಯನ್ನು ಅವರತ್ತ ತಿರುಗಿಸಿದಳು.

"ಮಕ ನಂಬಬ್ಯಾಡಿ. ನಾಳೆ ಇನ್ಯಾರ್ದೋ ಮಕ ನಂಬ್ತೀರಿ. ಇಲ್ನೋಡಿ, ಮೂರು ಚುಕ್ಕೆ ಒತ್ತಿದ್ರೆ ಬೀದಿ ಕೆಳಕ್ ಇಳೀತದೆ. ಮ್ಯಾಲಿಂದ ಎಣಿಸಿ."

ದೊಡ್ಡತಾಯಮ್ಮ ಮಸಿಯ ಹೆಬ್ಬೆಟ್ಟಿನಲ್ಲೇ ಪರದೆ ಮುಟ್ಟಿ ಎಣಿಸಿದರು. ಒಂದು, ಎರಡು, ಮೂರು. ಮೂರನೆಯದರ ಮೇಲೆ ಬೆರಳನ್ನು ಗಟ್ಟಿಯಾಗಿ ಊರಿದರು.

ಅರ್ಜಿ ಹೋಯಿತು. ಮಸಿ ಮೆತ್ತಿದ ಪರದೆಯನ್ನು ಒರೆಸುವ ಮೊದಲು ಮೇಘಶ್ರೀ ಅದರ ಫೋಟೊ ತೆಗೆದು ಕಂಪನಿಗೆ ಕಳಿಸಿದಳು. ಕೆಳಗೆ ಬರೆದಳು: "ಇವರಿಗೆ ಎಣಿಸಲು ಬರುತ್ತದೆ. ನೀವು ಮನೆ ಬದಲಿಸುವುದನ್ನು ನಿಲ್ಲಿಸಿ."